ಮಷಿನ್ ಎರಡೂವರೆ ಮೀಟರ್ ಅಂದಿತು, ನೆಲ ಎರಡೇ ಅಂದಿತು

ದಾವಣಗೆರೆಯ ಪಿ.ಬಿ. ರಸ್ತೆಯ ಅಂಚಿನಲ್ಲಿ, ಹದಡಿ ರಸ್ತೆಯಲ್ಲಿ, ವಿದ್ಯಾನಗರದ ಅಡ್ಡರಸ್ತೆಗಳಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ಜಾತಿಯ ಆಸಾಮಿ ಕಾಣಸಿಗುತ್ತಾನೆ. ಕೈಯಲ್ಲಿ ಹಿಡಿಕೆ ಇರುವ ಉದ್ದನೆ ಯಂತ್ರ. ತಲೆ ತಗ್ಗಿಸಿಕೊಂಡು, ಯಂತ್ರದ ಪರದೆ ಒಮ್ಮೆ, ನೆಲ ಒಮ್ಮೆ ನೋಡುತ್ತ, ನಾಲ್ಕು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ನಡೆಯುತ್ತಾನೆ. ಮಂಡಕ್ಕಿ ಅಂಗಡಿ ಕಟ್ಟೆಯ ಮೇಲೆ ಕೂತ ಹಿರಿಯರು ಸುಮ್ಮನಿರುವುದುಂಟೇ? ‘ಏನ್ ಕಳ್ಕೊಂಡ್ಯೋ ತಮ್ಮಾ?’ ಎಂದು ಕೇಳಿಯೇ ಕೇಳುತ್ತಾರೆ.

ತಮ್ಮ ಏನೂ ಕಳೆದುಕೊಂಡಿಲ್ಲ. ರಸ್ತೆ ಅಗೆಯದೆ ಕೇಬಲ್ಲು, ಕೊಳವೆ ಎಳೆಯುವ ಡ್ರಿಲ್ಲಿಂಗ್ ಮಷಿನ್ನಿನ ತಲೆ ನೆಲದೊಳಗೆ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಹುಡುಕುವುದು ಅವನ ಕೆಲಸ. ಅವನ ಬಾಯಿಂದ ಬರುವ ಅಂಕಿಯ ಮೇಲೆ ಇಡೀ ಓಣಿಯ ನೀರು, ಕರೆಂಟು, ಫೋನು, ಈಗೀಗ ಅಡುಗೆ ಮನೆಯ ಗ್ಯಾಸು ಕೂಡ ನಿಂತಿದೆ. ಆ ಅಂಕಿ ನಿಜವೋ ಸುಳ್ಳೋ ಎಂದು ಮೊದಲೇ ಪರೀಕ್ಷಿಸಲು ಬೇಕಾದದ್ದು ಅರ್ಧ ಗಂಟೆಯ ನಡಿಗೆ. ಬಿಡುವಿಲ್ಲ ಎಂದು ಮೊದಲು ಕೈಬಿಡುವುದೂ ಅದನ್ನೇ.

ಅಗೆತದಿಂದ ತೂತಿಗೆ

ಅಗೆತದ ಪುರಾಣ ನಗರದ ಜನಕ್ಕೆ ಹೇಳಬೇಕಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲೇ ದಾವಣಗೆರೆಯ ಹೆಸರು ಬಂತು. ಹಿಂದೆಯೇ ಗುದ್ದಲಿ, ಜೆಸಿಬಿ ಬಂದವು. ಜಲಸಿರಿಯ ನೀರಿನ ಕೊಳವೆ ಒಂದು ಕಡೆ, ಒಳಚರಂಡಿ ಇನ್ನೊಂದು ಕಡೆ, ನೆಲದಡಿ ವಿದ್ಯುತ್ ಕೇಬಲ್, ಮೇಲೆ ಕಾಂಕ್ರೀಟು. ಕಾಂಕ್ರೀಟು ಒಣಗುವ ಮೊದಲೇ ‘ಇನ್ನೊಂದು ಲೈನ್ ಬಿಟ್ಟೋಗಿದೆ’ ಎಂದು ಬರುವವರಿಗೆ ಈ ಡ್ರಿಲ್ಲಿಂಗ್ ಮಷಿನ್ ವರದಾನವಾಯಿತು.

ಕೆಲಸ ಸರಳ ಅನ್ನಿಸುತ್ತದೆ. ಈ ಕಡೆ ಒಂದು ಗುಂಡಿ, ನೂರಿನ್ನೂರು ಅಡಿ ಆಚೆ ಇನ್ನೊಂದು ಗುಂಡಿ. ಮಷಿನ್ ಓರೆಯಾಗಿ ನೆಲಕ್ಕೆ ರಾಡು ತುರುಕುತ್ತದೆ. ಒಂದರ ಹಿಂದೆ ಒಂದು ರಾಡು ಜೋಡಿಸುತ್ತ ಹೋದಂತೆ ತಲೆ ನೆಲದಡಿ ಬಾಗಿ ನಡೆದು ಆಚೆ ಗುಂಡಿಯಲ್ಲಿ ಮೂತಿ ಹಾಕುತ್ತದೆ. ಆಮೇಲೆ ತಲೆ ಬಿಚ್ಚಿ, ತೂತು ಅಗಲ ಮಾಡುವ ರೀಮರ್ ಸಿಕ್ಕಿಸಿ, ಹಿಂದೆ ಎಳೆಯುತ್ತ ಕೊನೆಗೆ ಕೊಳವೆಯನ್ನೂ ಎಳೆದುಕೊಂಡು ಬರುತ್ತಾರೆ. ಈ ವಿದ್ಯೆ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1971ರಲ್ಲಿ ವಾಟ್ಸನ್‌ವಿಲ್ ಬಳಿ ಪಹಾರೋ ನದಿಯ ಅಡಿಯಲ್ಲಿ ಮಾರ್ಟಿನ್ ಚೆರಿಂಗ್ಟನ್ ಎಂಬ ಗುತ್ತಿಗೆದಾರ ಗ್ಯಾಸ್ ಕೊಳವೆ ದಾಟಿಸಿದ್ದೇ ಇದರ ಶುರು. ನದಿ ದಾಟಿಸಲು ಹುಟ್ಟಿದ್ದು ಈಗ ಚರಂಡಿ ದಾಟಿಸುತ್ತಿದೆ.

ತಲೆಯೊಳಗಿನ ಕೂಗು

ನೆಲದೊಳಗಿನ ತಲೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಕೊರೆಯುವ ಮೂತಿಯ ಹಿಂದೆ, ಸೀಳು ಬಿಟ್ಟ ಉಕ್ಕಿನ ಕವಚದಲ್ಲಿ, ಬ್ಯಾಟರಿ ಹಾಕಿದ ಒಂದು ಕಡ್ಡಿಯಂಥ ಟ್ರಾನ್ಸ್‌ಮಿಟರ್ ಇಟ್ಟಿರುತ್ತಾರೆ. ಅದು ಎಡೆಬಿಡದೆ ಕಾಂತಕ್ಷೇತ್ರದ ಒಂದು ಸಿಗ್ನಲ್ ಬಿಡುತ್ತದೆ. ಕೆಲವು ಕಿಲೋಹರ್ಟ್ಝ್‌ನಿಂದ ಹಿಡಿದು 45 ಕಿಲೋಹರ್ಟ್ಝ್ ತನಕ, ಯಂತ್ರ ಯಾವುದೋ ಅದರಂತೆ. ಮೇಲೆ ನಡೆಯುವವನ ಲೊಕೇಟರ್ ಆ ಸಿಗ್ನಲ್ಲಿನ ಬಲ ಅಳೆದು ಆಳ ಎಷ್ಟೆಂದು ಲೆಕ್ಕ ಹಾಕುತ್ತದೆ. ಅದೇ ಸಿಗ್ನಲ್ಲಿನ ಜೊತೆ ತಲೆಯ ಓರೆ ಎಷ್ಟು, ಮೂತಿ ಯಾವ ಕಡೆ ತಿರುಗಿದೆ ಎಂಬ ಸುದ್ದಿಯೂ ಬರುತ್ತದೆ. ಮೂತಿಯ ದಿಕ್ಕನ್ನು ಗಡಿಯಾರದ ಮುಳ್ಳಿನಂತೆ ಹೇಳುತ್ತಾರೆ. ಹನ್ನೆರಡಕ್ಕೆ ನಿಲ್ಲಿಸಿ ತಳ್ಳಿದರೆ ತಲೆ ಮೇಲೆ ಏಳುತ್ತದೆ, ಆರಕ್ಕೆ ನಿಲ್ಲಿಸಿದರೆ ಕೆಳಗೆ, ಮೂರಕ್ಕೆ ಬಲಕ್ಕೆ, ಒಂಬತ್ತಕ್ಕೆ ಎಡಕ್ಕೆ.

ಇಲ್ಲೊಂದು ಮಾತು. ನೆಲದಡಿ ಮೊದಲೇ ಇರುವ ಕೇಬಲ್, ಪೈಪುಗಳನ್ನು ಹುಡುಕುವ ಯಂತ್ರ ಬೇರೆ, ಇದು ಬೇರೆ. ಈ ಲೊಕೇಟರ್ ತನ್ನ ತಲೆಯನ್ನು ಮಾತ್ರ ಹುಡುಕುತ್ತದೆ. ‘ಮಷಿನ್ ಐತಲ್ರೀ, ಕೇಬಲ್ ಇದ್ರೆ ಅದೇ ಹೇಳ್ತದೆ’ ಎನ್ನುವ ಮಾತನ್ನು ಯಾರೂ ನಂಬಬಾರದು. ಅದು ಹೇಳುವುದಿಲ್ಲ.

ಕಷ್ಟ ಇರುವುದು ಸಿಗ್ನಲ್ಲಿನ ಗುಣದಲ್ಲಿ. ತಲೆ ದೂರವಾದಂತೆ ಅದರ ಬಲ ಬಹಳ ಬೇಗ ಇಳಿಯುತ್ತದೆ. ಆಳ ಎರಡರಷ್ಟಾದರೆ ಬಲ ಅರ್ಧವಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ. 2 ಮೀಟರಿನಲ್ಲಿ ಕೂಗಾಡುತ್ತಿದ್ದ ತಲೆ 4 ಮೀಟರಿಗೆ ಇಳಿದರೆ ಪಿಸುಗುಟ್ಟುತ್ತದೆ. ಆದರೆ ಬೀದಿಯಲ್ಲಿರುವ ಗದ್ದಲ ಮಾತ್ರ ಇಳಿಯುವುದಿಲ್ಲ. ಸಂತೆಯಲ್ಲಿ ಪಕ್ಕದಲ್ಲಿ ನಿಂತವನ ಮಾತು ಕೇಳುತ್ತದೆ, ನಾಲ್ಕು ಅಂಗಡಿ ಆಚೆ ನಿಂತವನದು ಕೇಳುವುದಿಲ್ಲ. ಇಷ್ಟೇ ಲೆಕ್ಕ.

ಬೀದಿಯಲ್ಲಿ ಗದ್ದಲ ಮಾಡುವವರು

ಗದ್ದಲ ಎರಡು ಬಗೆ. ಒಂದು, ತಾವೇ ಸಿಗ್ನಲ್ ಉಗುಳುವ ವಸ್ತುಗಳು. ಬೆಸ್ಕಾಂನ ತಂತಿ, ನೆಲದಡಿಯ 11 ಕೆವಿ ಕೇಬಲ್, ಟ್ರಾನ್ಸ್‌ಫಾರ್ಮರ್. ಕರೆಂಟು ಹರಿಯುವುದು 50 ಹರ್ಟ್ಝ್‌ನಲ್ಲಿ, ಲೊಕೇಟರ್ ಕೆಲಸ ಮಾಡುವುದು ಕಿಲೋಹರ್ಟ್ಝ್‌ನಲ್ಲಿ. ಹಾಗಾದರೆ ಜಗಳವೇಕೆ ಎಂದು ಕೇಳಬಹುದು. 50ರ ಮರಿಮಕ್ಕಳು ಮೇಲಿನವರೆಗೂ ಹಬ್ಬಿರುತ್ತವೆ. ಎಲ್ಇಡಿ ಬೀದಿದೀಪ, ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್, ಇನ್ವರ್ಟರ್ ಇವೆಲ್ಲ ಸೇರಿ ಗದ್ದಲವನ್ನು ಕಿಲೋಹರ್ಟ್ಝ್ ಮಟ್ಟಕ್ಕೆ ಏರಿಸುತ್ತವೆ. ದಾವಣಗೆರೆಯಲ್ಲಂತೂ ಊರ ನಡುವೆಯೇ ರೈಲು ಹಾದುಹೋಗುತ್ತದೆ. ಈಗ ಅದು ವಿದ್ಯುತ್ ಮಾರ್ಗ, ತಲೆಯ ಮೇಲಿನ ತಂತಿಯಲ್ಲಿ 25 ಕೆವಿ. ಹಳಿಯ ಪಕ್ಕದಲ್ಲಿ ಸಿಗ್ನಲ್ ಕೇಬಲ್ಲುಗಳು. ಉಕ್ಕಿನ ಗ್ಯಾಸ್ ಕೊಳವೆಗೆ ತುಕ್ಕು ಹಿಡಿಯದಂತೆ ಹಾಯಿಸುವ ಕರೆಂಟೂ ಈ ಗುಂಪಿಗೇ ಸೇರಿದ್ದು.

ಇನ್ನೊಂದು ಬಗೆ, ಬಾಯಿ ಬಿಡದ ವಸ್ತುಗಳು. ಚರಂಡಿಯ ಮೇಲಿನ ಸ್ಲ್ಯಾಬಿನ ಕಬ್ಬಿಣ, ಕಲ್ವರ್ಟು, ತಂತಿಬೇಲಿ, ಹಳೆಯ ಕಬ್ಬಿಣದ ಕೊಳವೆ, ಪಕ್ಕದಲ್ಲಿ ನಿಲ್ಲಿಸಿದ ಲಾರಿ. ಇವು ತಾವಾಗಿ ಏನೂ ಉಗುಳುವುದಿಲ್ಲ. ಕೆಳಗಿನಿಂದ ಬರುವ ಸಿಗ್ನಲ್ಲನ್ನು ನುಂಗುತ್ತವೆ, ಇಲ್ಲವೇ ತಿರುಚುತ್ತವೆ.

ಎರಡರಲ್ಲಿ ಹೆಚ್ಚು ಮೋಸ ಮಾಡುವುದು ಈ ಎರಡನೆಯದೇ. ಮೊದಲನೆಯದು ಕುಣಿಯುತ್ತದೆ, ಅಂಕಿ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುತ್ತದೆ, ಮೂತಿಯ ಗಡಿಯಾರ ನಿಂತೇ ಹೋಗುತ್ತದೆ, ನೋಡಿದವನಿಗೆ ಏನೋ ಎಡವಟ್ಟು ಎಂದು ಗೊತ್ತಾಗುತ್ತದೆ. ಎರಡನೆಯದು ಹಾಗಲ್ಲ. ಅಂಕಿ ಅಲುಗಾಡದೆ ನಿಲ್ಲುತ್ತದೆ. ಸುಳ್ಳನ್ನೇ ಗಟ್ಟಿಯಾಗಿ ಹೇಳುತ್ತದೆ.

ಅರ್ಧ ಮೀಟರಿನ ಸುಳ್ಳು

ಒಂದು ಲೆಕ್ಕ ನೋಡಿ. ರಸ್ತೆಯ ಅಡಿ ನೀರಿನ ದೊಡ್ಡ ಕೊಳವೆ ಇದೆ, ಅದರ ಹೊಟ್ಟೆ ನೆಲದಿಂದ 1.9 ಮೀಟರ್ ಕೆಳಗೆ ಎಂದಿಟ್ಟುಕೊಳ್ಳಿ. ಡ್ರಿಲ್ಲು 2.5 ಮೀಟರಿನಲ್ಲಿ ಹೋದರೆ ನಡುವೆ 60 ಸೆಂಟಿಮೀಟರ್ ಅಂತರ, ಚಿಂತೆಯಿಲ್ಲ. ಆ ಜಾಗದಲ್ಲಿ ಸ್ಲ್ಯಾಬಿನ ಕಬ್ಬಿಣ ಸಿಗ್ನಲ್ಲಿನ ಅರ್ಧ ಬಲ ನುಂಗಿತು ಎನ್ನಿ. ಬಲ ಕಡಿಮೆ ಬಂದರೆ ಲೊಕೇಟರ್ ‘ತಲೆ ಇನ್ನೂ ಆಳದಲ್ಲಿದೆ’ ಎಂದೇ ತಿಳಿಯುತ್ತದೆ. ತಲೆ ನಿಜಕ್ಕೂ 2 ಮೀಟರಿನಲ್ಲಿದ್ದರೆ ಪರದೆ 2.5 ಎಂದು ತೋರಿಸುತ್ತದೆ.

‘ಎಷ್ಟೈತಿ ಅಣ್ಣಾ?’

‘ಎರಡೂವರೆ. ಹೋಗ್ಲಿ ಬಿಡು.’

ತಲೆ ಕೊಳವೆಯ ಕೆಳಗೆ ಒಂದು ಗೇಣಿಗಿಂತ ಕಡಿಮೆ ಅಂತರದಲ್ಲಿ ನುಸುಳುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆಚೆ ಗುಂಡಿಯಲ್ಲಿ ಮೂತಿ ಕಂಡಾಗ ಚಹಾ ತರಿಸುತ್ತಾರೆ. ಅನಾಹುತ ಬರುವುದು ವಾಪಸ್ ಎಳೆಯುವಾಗ. 30 ಸೆಂಟಿಮೀಟರ್ ಅಗಲದ ರೀಮರ್ ಹಾಕಿದರೆ ಅದು ಮೇಲಕ್ಕೆ 15 ಸೆಂಟಿಮೀಟರ್ ಕೆರೆಯುತ್ತದೆ. 2 ಮೀಟರಿನಿಂದ 15 ಸೆಂಟಿಮೀಟರ್ ಮೇಲೆ ಎಂದರೆ 1.85. ಕೊಳವೆಯ ಹೊಟ್ಟೆ 1.9. ಮುಂದಿನದು ಬೀದಿಯ ತುಂಬ ನೀರು. ಮರುದಿನ ಖಾಲಿ ಕೊಡಗಳ ಸಾಲು.

ನೀರಿನ ಕೊಳವೆಯಾದರೆ ಕೊಡ ಹಿಡಿದು ಬೈದು ಸುಮ್ಮನಾಗಬಹುದು. 11 ಕೆವಿ ಕೇಬಲ್ ಆದರೆ? ತಲೆ ತಾಗಿದ ಕೂಡಲೇ ಕರೆಂಟು ರಾಡುಗಳ ಸರಪಳಿ ಹಿಡಿದು ಮಷಿನ್ ತನಕ ಬರಬಹುದು. ನೆಲದ ಮೇಲೆ ನಿಂತು ಮಷಿನ್ನಿಗೆ ಕೈ ಊರಿದ ಹೆಲ್ಪರ್ ಹುಡುಗನ ಗತಿ ಏನು? ಗ್ಯಾಸಿನ ಕೊಳವೆಯಾದರೆ ಸೋರಿದ್ದು ಚರಂಡಿ ಹಿಡಿದು ಯಾವ ಮನೆಯೊಳಗೆ ಹೋಗಿ ಕೂರುತ್ತದೋ ಹೇಳಲಾಗದು. 2013ರ ಫೆಬ್ರವರಿ 19ರಂದು ಅಮೆರಿಕದ ಕ್ಯಾನ್ಸಾಸ್ ಸಿಟಿಯಲ್ಲಿ ಹೀಗೆ ಕೇಬಲ್ ಎಳೆಯಲು ಕೊರೆಯುತ್ತಿದ್ದ ಡ್ರಿಲ್ಲು ಗ್ಯಾಸ್ ಕೊಳವೆಗೆ ತಾಗಿತು. ಆಮೇಲೆ ಪಕ್ಕದ ಹೋಟೆಲ್ಲೊಂದು ಸ್ಫೋಟವಾಗಿ ಅಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು ಸತ್ತಳು, ಹದಿನೈದು ಜನ ಗಾಯಗೊಂಡರು. ಅಲ್ಲಿ ತಪ್ಪಿದ್ದು ಸಿಗ್ನಲ್ಲಿನ ಗದ್ದಲದಿಂದ ಎಂದು ಯಾರೂ ಹೇಳಿಲ್ಲ. ಮೂತಿ ಗ್ಯಾಸಿಗೆ ತಾಗಿದರೆ ಏನಾಗುತ್ತದೆ ಎಂಬುದಕ್ಕಷ್ಟೇ ಆ ಮಾತು. ದಾವಣಗೆರೆಯಲ್ಲೂ ಈಗ ಮನೆಮನೆಗೆ ಗ್ಯಾಸ್ ಕೊಳವೆ ಬರುತ್ತಿದೆ. ಓಣಿಯೊಳಗಿನ ಕೊಳವೆ ಪ್ಲಾಸ್ಟಿಕ್ಕಿನದು. ಅದು ಸಿಗ್ನಲ್ಲಿಗೆ ಅಡ್ಡಿ ಮಾಡುವುದಿಲ್ಲ, ಕಬ್ಬಿಣ ಹುಡುಕುವ ಯಂತ್ರಕ್ಕೂ ಸಿಗುವುದಿಲ್ಲ.

ಬ್ಯಾಟರಿ ತೆಗೆದು ನಡೆ

ಪರೀಕ್ಷೆ ಮಾಡುವ ಕ್ರಮದಲ್ಲಿ ಮಂತ್ರತಂತ್ರ ಏನಿಲ್ಲ. ಕೊರೆಯುವ ಮೊದಲು ಟ್ರಾನ್ಸ್‌ಮಿಟರಿನ ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಲೊಕೇಟರ್ ಹಚ್ಚಿ, ಡ್ರಿಲ್ಲು ಹೋಗುವ ದಾರಿಯ ಉದ್ದಕ್ಕೂ ನಡೆಯಬೇಕು. ತಲೆ ಸತ್ತಿದೆ, ಈಗ ಪರದೆಯ ಮೇಲೆ ಬರುವ ಸಿಗ್ನಲ್ಲೆಲ್ಲ ಬೀದಿಯ ಗದ್ದಲವೇ. ಎಲ್ಲಿ ಅಂಕಿ ಏರುತ್ತದೋ ಅಲ್ಲಿ ಸುಣ್ಣದಲ್ಲೋ ಬಣ್ಣದಲ್ಲೋ ಗುರುತು ಹಾಕಿ ಬರೆದುಕೊಳ್ಳಬೇಕು. ಬಹಳ ಬಳಕೆಯಲ್ಲಿರುವ ಒಂದು ಲೊಕೇಟರಿನ ಕೈಪಿಡಿ ಹೇಳುವುದು ಹೀಗೆ: ಅತಿ ಹೆಚ್ಚು ಆಳದಲ್ಲೂ ತಲೆಯ ಸಿಗ್ನಲ್ ಈ ಗದ್ದಲಕ್ಕಿಂತ ಕನಿಷ್ಠ 150 ಅಂಕ ಮೇಲಿರಬೇಕು. ಇಲ್ಲದಿದ್ದರೆ ಬೇರೆ ಫ್ರೀಕ್ವೆನ್ಸಿ ನೋಡು, ಇಲ್ಲವೇ ದಾರಿ ಬದಲಿಸು.

ಆದರೆ ಬಾಯಿ ಬಿಡದ ಕಬ್ಬಿಣ ಈ ನಡಿಗೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಎರಡನೇ ಸುತ್ತು. ಬ್ಯಾಟರಿ ಹಾಕಿ, ತಲೆಯನ್ನು ಒಬ್ಬ ಹೊತ್ತುಕೊಳ್ಳಬೇಕು, ಇನ್ನೊಬ್ಬ ಲೊಕೇಟರ್ ಹಿಡಿಯಬೇಕು. ಕೊರೆಯುವ ಆಳ ಎಷ್ಟೋ ಅಷ್ಟೇ ಅಂತರ ಬಿಟ್ಟುಕೊಂಡು ಇಬ್ಬರೂ ಜೊತೆಜೊತೆಗೆ ದಾರಿಯುದ್ದ ನಡೆಯಬೇಕು. ಎಲ್ಲಿ ದೂರದ ಅಂಕಿ ತಪ್ಪುತ್ತದೆ, ಎಲ್ಲಿ ಮೂತಿಯ ಗಡಿಯಾರ ನಿಲ್ಲುತ್ತದೆ, ಅಲ್ಲೆಲ್ಲ ಕೆಳಗೂ ಅದೇ ಕಥೆ. ಈ ಸುತ್ತನ್ನು ನೋಡಿದವರು ಊರಲ್ಲಿ ಎಷ್ಟು ಜನ ಇದ್ದಾರೋ. ಇಬ್ಬರು ಮದುವೆ ಮೆರವಣಿಗೆಯಲ್ಲಿ ಹೋದಂತೆ ಕಬ್ಬಿಣದ ತುಂಡು ಹೊತ್ತು ನಡೆದರೆ ಜನ ನಗುತ್ತಾರೆ ಎಂಬ ನಾಚಿಕೆಯೂ ಇರಬಹುದು.

ಲೊಕೇಟರಿಗೆ ಅಳತೆ ಕಲಿಸುವ ಕೆಲಸವೂ ಉಂಟು. ತಲೆಯನ್ನು ಕವಚ ಸಮೇತ ನೆಲದ ಮೇಲಿಟ್ಟು, ಟೇಪು ಹಿಡಿದು ಸರಿಯಾಗಿ 3 ಮೀಟರ್ ದೂರದಲ್ಲಿ ಲೊಕೇಟರ್ ಇಟ್ಟು, ‘ಇದು 3 ಮೀಟರ್’ ಎಂದು ಅದಕ್ಕೆ ಒಪ್ಪಿಸುವುದು. ಸುತ್ತ ಕಬ್ಬಿಣ ಇರಬಾರದು, ಲಾರಿ ಇರಬಾರದು, ಕೆಳಗೆ ಸ್ಲ್ಯಾಬ್ ಇರಬಾರದು. ಬಿಸಿಲಿಗೆ ಬೇಸತ್ತವರು ಇದನ್ನು ಲಾರಿಯ ನೆರಳಲ್ಲೇ, ಚರಂಡಿ ಸ್ಲ್ಯಾಬಿನ ಮೇಲೆಯೇ ಮುಗಿಸಿಬಿಟ್ಟರೆ ಲೊಕೇಟರ್ ಹುಟ್ಟುತ್ತಲೇ ಸುಳ್ಳು ಕಲಿಯುತ್ತದೆ. ಅಲ್ಲಿ ಅರ್ಧ ಬಲ ಕಳೆದಿದ್ದರೆ, ಆಮೇಲೆ ಒಳ್ಳೆ ಮಣ್ಣಿನಲ್ಲಿ ಎರಡೂವರೆ ಮೀಟರಿನಲ್ಲಿರುವ ತಲೆಯನ್ನು ಅದು ಎರಡೇ ಮೀಟರ್ ಎನ್ನುತ್ತದೆ. ಮೇಲಿನ ಲೆಕ್ಕದ ತಿರುಗುಮುರುಗು.

ಕೊರೆಯುವಾಗ ಅನುಮಾನ ಬಂದರೆ ಕಾಸಿಲ್ಲದ ಒಂದು ಉಪಾಯ ಇದೆ. ಲೊಕೇಟರನ್ನು ನೆಲದ ಮೇಲಿಟ್ಟು ಓದು, ಆಮೇಲೆ ಸರಿಯಾಗಿ ಅರ್ಧ ಮೀಟರ್ ಎತ್ತಿ ಓದು. ಅಂಕಿಯೂ ಅರ್ಧ ಮೀಟರ್ ಹೆಚ್ಚಬೇಕು. ಹೆಚ್ಚದಿದ್ದರೆ, ಇಲ್ಲವೇ ಮುಕ್ಕಾಲು ಮೀಟರ್ ಹೆಚ್ಚಿದರೆ, ಅಂಕಿ ಸುಳ್ಳು.

ಕರೆಂಟ್ ಹೋದಾಗ ಎಲ್ಲ ಶಾಂತಿ

ಈಗಿನ ಹೊಸ ಲೊಕೇಟರುಗಳು ಹತ್ತಾರು ಫ್ರೀಕ್ವೆನ್ಸಿ ತಾವೇ ಕೇಳಿ ನೋಡಿ, ಗದ್ದಲ ಕಡಿಮೆ ಇರುವುದನ್ನು ಆರಿಸಿಕೊಡುತ್ತವೆ. ಕಬ್ಬಿಣ ಇದ್ದಲ್ಲಿ ಕೆಳಗಿನ ಫ್ರೀಕ್ವೆನ್ಸಿ ಒಳ್ಳೆಯದು, ಕರೆಂಟಿನ ತಂತಿ ಇದ್ದಲ್ಲಿ ಮೇಲಿನದು ಎಂಬುದು ಅನುಭವದ ಮಾತು. ಆದರೆ ಒಂದೇ ಬೀದಿಯಲ್ಲಿ ಇಲ್ಲಿ ಸ್ಲ್ಯಾಬು, ನಾಲ್ಕು ಮಾರು ಆಚೆ ಟ್ರಾನ್ಸ್‌ಫಾರ್ಮರು. ಯಂತ್ರ ಒಂದು ಜಾಗದಲ್ಲಿ ನಿಂತು ಆರಿಸಿದ್ದು ಇಡೀ ದಾರಿಗೆ ಹೊಂದಬೇಕೆಂದೇನೂ ಇಲ್ಲ. ನಡೆಯಲೇಬೇಕು.

ನಡೆಯುವ ಹೊತ್ತೂ ಮುಖ್ಯ. ತಂತಿಯ ಗದ್ದಲ ಅದರಲ್ಲಿ ಹರಿಯುವ ಕರೆಂಟನ್ನು ಅನುಸರಿಸಿ ಏರುತ್ತದೆ, ಇಳಿಯುತ್ತದೆ. ಬೆಳಿಗ್ಗೆ ಲೈನ್ ದುರಸ್ತಿಗೆಂದು ಫೀಡರ್ ಬಂದ್ ಆಗಿರುವಾಗ ನಡೆದು ನೋಡಿದರೆ ಬೀದಿ ಮಠದಷ್ಟು ಶಾಂತ. ‘ಏನಿಲ್ಲ ಸಾಹೇಬ್ರೆ, ಕ್ಲಿಯರ್’ ಎಂದು ಬರೆದುಕೊಂಡು ಮಷಿನ್ ಹಚ್ಚುತ್ತಾರೆ. ಅರ್ಧ ದಾರಿಯಲ್ಲಿ ತಲೆ ಇದ್ದಾಗ ಕರೆಂಟ್ ಬರುತ್ತದೆ, ಮನೆಮನೆಯ ಮೋಟಾರು ಚಾಲೂ ಆಗುತ್ತವೆ, ಪರದೆ ಕುಣಿಯತೊಡಗುತ್ತದೆ. ಸಂಜೆ ಬೀದಿದೀಪ ಹತ್ತಿದಾಗಲೂ ಅದೇ ಹಾಡು. ರೈಲ್ವೆ ಮಾರ್ಗದ ಪಕ್ಕದಲ್ಲಂತೂ ಗಾಡಿ ಹಾಯುವ ಹೊತ್ತು ಬೇರೆ, ಹಳಿ ಖಾಲಿ ಇರುವ ಹೊತ್ತು ಬೇರೆ. ಯಾವ ಹೊತ್ತಿನಲ್ಲಿ ಕೊರೆಯುತ್ತಾರೋ ಆ ಹೊತ್ತಿನಲ್ಲೇ ನಡೆದು ನೋಡಬೇಕು. ಕೆಲಸ ರಾತ್ರಿಗೆ ಜಾರಿದರೆ ರಾತ್ರಿ ಇನ್ನೊಮ್ಮೆ. ರಸ್ತೆಯ ಆ ಬದಿಯಲ್ಲಿ ಇನ್ನೊಂದು ಕಂಪನಿಯವರ ಮಷಿನ್ ನಡೆಯುತ್ತಿದ್ದರೆ ಅವರ ತಲೆಯ ಕೂಗೂ ಈ ಲೊಕೇಟರಿಗೆ ಕೇಳಬಹುದು. ಒಂದು ಚಹಾದ ನೆಪದಲ್ಲಿ ಹೋಗಿ ‘ನಿಮ್ದು ಯಾವ ಫ್ರೀಕ್ವೆನ್ಸಿ ಅಣ್ಣಾ?’ ಎಂದು ಕೇಳಿದರೆ ಮುಗಿಯಿತು.

ಕೇಳುವವರು ಯಾರು?

ಇಷ್ಟೆಲ್ಲ ಗೊತ್ತಿದ್ದೂ ನಡೆಯುವುದಿಲ್ಲವೇಕೆ? ಲೊಕೇಟರ್ ಹಿಡಿದ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಕೆಲಸ ದೊಡ್ಡ ಕಂಪನಿಯಿಂದ ಗುತ್ತಿಗೆದಾರನಿಗೆ, ಅವನಿಂದ ತುಂಡುಗುತ್ತಿಗೆಗೆ ಇಳಿದುಬರುತ್ತದೆ. ಕೊನೆಯವನಿಗೆ ದುಡ್ಡು ಮೀಟರ್ ಲೆಕ್ಕದಲ್ಲಿ. ನಡೆದ ಹೆಜ್ಜೆಗೆ ಯಾರೂ ಕಾಸು ಕೊಡುವುದಿಲ್ಲ, ಕೊರೆದ ಮೀಟರಿಗೆ ಕೊಡುತ್ತಾರೆ. ಅರ್ಧ ಗಂಟೆ ನಡೆದು ‘ಇಲ್ಲಿ ಆಗಲ್ಲ, ದಾರಿ ಬದಲಿಸಬೇಕು’ ಎಂದು ಹೇಳಿದ ಹುಡುಗ ಆ ದಿನದ ಕೂಲಿಯನ್ನು ತಾನೇ ಕಳೆದುಕೊಂಡ ಹಾಗೆ. ಬಹಳ ಸಲ ಹೊರ ರಾಜ್ಯದಿಂದ ಬಂದವನು. ಅವನಿಗೆ ಕನ್ನಡ ಬಾರದು. ಯಾವ ಕೇಬಲ್ ಎಲ್ಲಿ ತಿರುಗುತ್ತದೆ, ಯಾವ ವಾಲ್ವ್ ಯಾವ ಕಟ್ಟೆಯ ಕೆಳಗಿದೆ ಎಂದು ಬಲ್ಲ ಓಣಿಯ ಲೈನ್‌ಮನ್ನಿಗೆ, ನೀರು ಬಿಡುವವನಿಗೆ ಹಿಂದಿ ಬಾರದು. ಇಬ್ಬರೂ ಪರಸ್ಪರ ತಲೆ ಆಡಿಸಿ ಹೋಗುತ್ತಾರೆ.

ಕಾಗದದ ಕಡೆ ಸ್ವಲ್ಪ ಸುಧಾರಣೆ ಆಗಿದೆ, ಇಲ್ಲವೆನ್ನಲಾಗದು. ಅಗೆಯುವ ಮುನ್ನ ಅಲ್ಲಿ ಯಾರ ಯಾರ ಲೈನ್ ಇದೆ ಎಂದು ಕೇಳಿ, ಅವರಿಗೆ ತಿಳಿಸಲು 2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪ್ ಬಿಟ್ಟಿತು. ಗೊತ್ತುಗುರಿಯಿಲ್ಲದ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಎಂದು ಸರ್ಕಾರವೇ ಆಗ ಹೇಳಿಕೊಂಡಿತು. ಆ ಆ್ಯಪ್ ಕೆಳಗೆ ಏನಿದೆ ಎಂಬುದಕ್ಕೆ. ಮೇಲೆ ನಿಂತವನ ಯಂತ್ರ ಸತ್ಯ ಹೇಳುತ್ತಿದೆಯೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಆ್ಯಪ್ ಇಲ್ಲ. ನಕ್ಷೆಯಲ್ಲಿ ಕೊಳವೆ 1.9 ಮೀಟರಿನಲ್ಲಿದೆ ಎಂದು ಸರಿಯಾಗಿ ಬರೆದಿದ್ದರೂ, ಡ್ರಿಲ್ಲು ಎಲ್ಲಿದೆ ಎಂದು ತಪ್ಪಾಗಿ ತಿಳಿದರೆ ನಕ್ಷೆ ಏನು ಮಾಡೀತು?

ಪ್ರತಿ ರಾಡಿಗೆ ಆಳ ಎಷ್ಟು, ಓರೆ ಎಷ್ಟು ಎಂದು ಬರೆಯುವ ಒಂದು ಹಾಳೆ ಈ ಕೆಲಸದಲ್ಲಿ ಇರುತ್ತದೆ. ಅದರ ಮೇಲ್ಭಾಗದಲ್ಲಿ ಇನ್ನು ಮೂರು ಗೆರೆ ಎಳೆಯಲು ಪಾಲಿಕೆಗೆ ದೊಡ್ಡ ಖರ್ಚಿಲ್ಲ: ಬ್ಯಾಟರಿ ತೆಗೆದು ಎಷ್ಟು ಗಂಟೆಗೆ ನಡೆದರು, ಎಲ್ಲೆಲ್ಲಿ ಎಷ್ಟು ಗದ್ದಲ ಬಂತು, ಯಾವ ಫ್ರೀಕ್ವೆನ್ಸಿ ಆರಿಸಿದರು. ರಸ್ತೆ ಅಗೆತಕ್ಕೆ ಅನುಮತಿ ಕೊಡುವಾಗಲೇ ಈ ಹಾಳೆ ಬೇಕೆಂದು ಕೇಳಿ, ಆ ನಡಿಗೆಗೂ ಮೀಟರ್ ದರದಲ್ಲಿ ಒಂದಿಷ್ಟು ಸೇರಿಸಿದರೆ ಹುಡುಗ ನಡೆಯುತ್ತಾನೆ. ಹಾಳೆ ಬರುವ ತನಕ ಕಟ್ಟೆಯ ಮೇಲಿನ ಹಿರಿಯರು ಪ್ರಶ್ನೆಯನ್ನು ಸ್ವಲ್ಪ ಬದಲಿಸಿ, ‘ಬ್ಯಾಟರಿ ತೆಗ್ದು ಒಂದ್ಸಲ ನಡೆದ್ಯೇನೋ ತಮ್ಮಾ?’ ಎಂದು ಕೇಳಲಿ.